ಯಜಮಾನ ನಿಲ್ಲುವ ಕಲ್ಲು

"ಗುರುಗಳೇ, ಕೆಟ್ಟ ಕಾಲ ಬಂದಾಗ ಕೈಕೆಳಗಿನ ಮಂದಿಯ ಮನಸ್ಸನ್ನ ಕೆಲಸದಾಗ ಹೆಂಗ ಹಿಡಿದಿಡಬೇಕ್ರಿ?"

ಹೀಗೆ ಕೇಳಿದವನು ಅಡಿವೆಪ್ಪ. ಪೇಟೆಯ ಅಂಚಿನಲ್ಲಿ ಬಸ್ಸಿಗೆ ಬಾಡಿ ಕಟ್ಟುವ ದೊಡ್ಡ ಶೆಡ್ಡು ಅವನದು. ಆ ವರ್ಷ ಮಾರುಕಟ್ಟೆ ಬಿದ್ದುಹೋಗಿತ್ತು. ಹೊಸ ಬಸ್ಸು ಕೊಳ್ಳುವವರು ಕೈಕಟ್ಟಿ ಕುಳಿತಿದ್ದರು. ಶೆಡ್ಡಿನಲ್ಲಿ ವೆಲ್ಡಿಂಗಿನವರು, ಬಡಗಿಗಳು, ಬಣ್ಣ ಹೊಡೆಯುವವರು, ಸೀಟು ಹೊಲಿಯುವ ಹೆಂಗಸರು ಎಲ್ಲರೂ ಇದ್ದರು. ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದರು. ಆದರೆ ಕೈಯಲ್ಲಿ ಜೀವ ಇರಲಿಲ್ಲ. ಬಾಗಿಲು ಕೂಡಿಸಿದರೆ ಸಂದು ಉಳಿಯುತ್ತಿತ್ತು. ಬಣ್ಣ ಬಳಿದರೆ ಒಂದು ಮೂಲೆ ಬಿಟ್ಟುಹೋಗುತ್ತಿತ್ತು. ಇನ್ನು ಒಂದೇ ಒಂದು ದೊಡ್ಡ ಕೆಲಸ ಕೈಯಲ್ಲಿತ್ತು. ಅದೂ ಕೆಟ್ಟರೆ ಶೆಡ್ಡಿಗೆ ಬೀಗ ಬೀಳುವುದು ಖಚಿತವಾಗಿತ್ತು.

ಗುರುಗಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಜರಿಯಂಚಿನ ಪಂಚೆ, ಇಸ್ತ್ರಿಯ ಅಂಗಿ, ಹೆಗಲ ಮೇಲೆ ರೇಷ್ಮೆ ಶಲ್ಯ.

"ಯಾರ ಮದುವಿ, ಅಡಿವೆಪ್ಪಾ?"

ಅಡಿವೆಪ್ಪ ನಾಚಿ ನಕ್ಕ. "ಮದುವಿ ಇಲ್ರೀ. ಶೆಡ್ಡಿನಾಗ ಹಂಗ ಹೇಳಿ ಬಂದೀನಿ. ಗುರುಗಳ ಕಡೆ ಹೊಂಟೀನಿ ಅಂದ್ರ, ಯಜಮಾನಗ ದಿಕ್ಕು ತೋಚವಲ್ದು ಅಂತ ಮಂದಿ ಹೆದರ್ತಾರ."

"ಹೌದಾ" ಎಂದರು ಗುರುಗಳು. ಚಾಪೆ ತೋರಿಸಿ ಕೂಡಲು ಹೇಳಿದರು. ಆಮೇಲೆ ಅವರು ಹೇಳಿದ ಕತೆ ಇದು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಗಂಟೆ ಎರೆಯುವುದು ಅವನ ಮನೆತನದ ಕಸುಬು. ಅವನ ಅಂಗಳದಲ್ಲಿ ಮೂವತ್ತು ಮನೆಗಳ ಜನ ದುಡಿಯುತ್ತಿದ್ದರು. ಮಣ್ಣು ಹದ ಮಾಡುವವರು, ಅಚ್ಚು ಕಟ್ಟುವವರು, ಕುಲುಮೆಗೆ ಗಾಳಿ ಊದುವ ತಿದಿ ಒತ್ತುವವರು, ಕರಗಿದ ಕಂಚಿನ ಮೂಸೆಯನ್ನು ಇಕ್ಕಳದಲ್ಲಿ ಹಿಡಿಯುವವರು. ಎಲ್ಲರೂ ಅವನನ್ನು ಯಜಮಾನ ಎಂದು ಕರೆಯುತ್ತಿದ್ದರು.

ಸಣ್ಣ ಗಂಟೆ ಎರೆಯುವುದು ಸುಲಭ. ಒಂದು ಮೂಸೆಯ ಕಂಚು ಸಾಕು. ದೊಡ್ಡ ಗಂಟೆಗೆ ಹಲವು ಮೂಸೆ ಬೇಕು. ನೆಲದ ಗುಂಡಿಯಲ್ಲಿ ಅಚ್ಚನ್ನು ಹೂಳಿ, ಅದರ ಬಾಯಿಗೆ ಒಂದಾದ ಮೇಲೊಂದರಂತೆ ಮೂಸೆಗಳನ್ನು ಬಗ್ಗಿಸಬೇಕು. ಮೊದಲನೆಯ ಧಾರೆ ಇನ್ನೂ ದಪ್ಪಗೆ ಬೀಳುತ್ತಿರುವಾಗಲೇ ಎರಡನೆಯದು ಅದಕ್ಕೆ ಸೇರಬೇಕು, ಎರಡನೆಯದಕ್ಕೆ ಮೂರನೆಯದು. ರೆಪ್ಪೆ ಬಡಿಯುವಷ್ಟು ಹೊತ್ತು ಧಾರೆ ಕಡಿದರೂ ಒಳಗಿನ ಕಂಚಿನ ಮೇಲೆ ಕೆನೆ ಕಟ್ಟುತ್ತದೆ. ಆಮೇಲೆ ಬಿದ್ದ ಕಂಚು ಅದರ ಮೇಲೆ ಕೂರುತ್ತದೆ, ಆದರೆ ಒಂದಾಗುವುದಿಲ್ಲ. ಅಂಥ ಗಂಟೆ ನೋಡಲು ಚೆಂದವೇ ಇರುತ್ತದೆ. ಬಾರಿಸಿದರೆ ಮಾತ್ರ ದನಿ ಬರುವುದಿಲ್ಲ.

ಅದಕ್ಕಾಗಿ ಆ ಅಂಗಳದಲ್ಲಿ ಎರಡು ಪದ್ಧತಿಗಳಿದ್ದವು. ಮೊದಲ ಮೂಸೆ ಎತ್ತಿದ ಗಳಿಗೆಯಿಂದ ಅಚ್ಚಿನ ಬಾಯಿ ತುಂಬುವವರೆಗೆ ಯಾರೂ ಮಾತಾಡಬಾರದು. ಮಾತಿಗೆ ಕಿವಿ ಹೋದರೆ ಕಣ್ಣೂ ಹೋಗುತ್ತದೆ ಎಂದು ಹಿರಿಯರು ಮಾಡಿದ ನಿಯಮ ಅದು. ಎರಡನೆಯದು, ಗುಂಡಿಯ ತಲೆಗೆ ಒಂದು ಎತ್ತರದ ಕಲ್ಲಿತ್ತು. ಎರಕದ ದಿನ ಯಜಮಾನ ಅದರ ಮೇಲೆ ನಿಲ್ಲಬೇಕು. ಅವನು ಕೈ ಎತ್ತಿದಾಗ ಮೊದಲ ಮೂಸೆ ಬಾಗಬೇಕು. ಅಪ್ಪ ನಿಂತ ಕಲ್ಲು, ಅಜ್ಜ ನಿಂತ ಕಲ್ಲು. ನಿಂತು ನಿಂತು ಅದರ ನೆತ್ತಿ ನುಣುಪಾಗಿತ್ತು.

ಆಗ ಎರಡು ರಾಜ್ಯಗಳ ನಡುವೆ ಜಗಳ ಹತ್ತಿತು. ಹೊಳೆಯ ಮೇಲಿನ ವ್ಯಾಪಾರ ನಿಂತಿತು. ಕಂಚಿಗೆ ಬೆರೆಸುವ ತವರ ತರುವ ದೋಣಿಗಳು ಬರಲಿಲ್ಲ. ಗುಡಿ ಕಟ್ಟಿಸುವವರು ಕಟ್ಟಿಸುವುದನ್ನು ಬಿಟ್ಟರು. ಗುಡಿಯೇ ಇಲ್ಲದ ಮೇಲೆ ಗಂಟೆ ಯಾರಿಗೆ ಬೇಕು? ಬಣ್ಣಗಾರರ ಓಣಿ ಬಾಗಿಲು ಹಾಕಿತು. ಗಾಣಗಳು ನಿಂತವು. ಕಂಚುಗಾರನ ಅಂಗಳದಲ್ಲಿ ಕುಲುಮೆ ವಾರಗಟ್ಟಲೆ ತಣ್ಣಗಿರತೊಡಗಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಏನಾಗುತ್ತಿದೆ ಎಂದು ಎಲ್ಲರಿಗೂ ಕಾಣುತ್ತಿತ್ತು.

ಯಜಮಾನ ಮಾತ್ರ ಏನನ್ನೂ ಹೇಳಲಿಲ್ಲ. ಅವನು ಕೆಟ್ಟವನಲ್ಲ. ತನ್ನ ಜನ ಹೆದರಬಾರದು ಎಂಬುದೇ ಅವನ ಚಿಂತೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಬಲ್ಲವನು ಅವನು. ಬಂಗಾರವನ್ನೇ ಕೂಡಿಡುತ್ತಾ ಹೋದ. ಬೆಳಗ್ಗೆ ಅಂಗಳಕ್ಕೆ ಬಂದರೆ ಮುಖದ ಮೇಲೆ ನಗು ಇಟ್ಟುಕೊಂಡೇ ಬರುತ್ತಿದ್ದ. ಯಾರಾದರೂ ಕೇಳಿದರೆ "ಎಲ್ಲಾ ಸರಿ ಐತಿ, ನೀವು ಕೆಲಸ ಮಾಡ್ರಿ" ಎನ್ನುತ್ತಿದ್ದ.

ಜನರ ಉತ್ಸಾಹ ಕುಗ್ಗುತ್ತಿದೆ ಎನ್ನಿಸಿದಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಆ ವರ್ಷ ಆಯುಧಪೂಜೆಯನ್ನು ಹಿಂದೆಂದೂ ಮಾಡದಷ್ಟು ಜೋರಾಗಿ ಮಾಡಿದ. ಶಹನಾಯಿಯವರನ್ನು ಕರೆಸಿದ. ಎಲ್ಲರಿಗೂ ಹೊಸ ರುಮಾಲು ಸುತ್ತಿಸಿದ. ಹೋಳಿಗೆಯ ಮೇಲೆ ತುಪ್ಪ ಸುರಿಸಿದ. ಜನ ಹೊಟ್ಟೆ ತುಂಬ ಉಂಡರು, ಉಂಡಷ್ಟೂ ಹೆದರಿದರು. ಮಣ್ಣು ಹದ ಮಾಡುವ ಮುದುಕಿ ಹಂಪವ್ವ ಕೈ ತೊಳೆಯುತ್ತಾ ಪಕ್ಕದವಳಿಗೆ ಹೇಳಿದಳು: "ಜಾತ್ರಿ ಹಿಂದಿನ ದಿನ ಕುರಿಗೂ ಹಿಂಗ ಮೇವು ಹಾಕ್ತಾರವ್ವಾ."

ಅಂದಿನಿಂದ ಅಂಗಳದವರು ಹೊಸದೊಂದು ವಿದ್ಯೆ ಕಲಿತರು. ಯಜಮಾನನ ಮುಖ ಓದುವ ವಿದ್ಯೆ. ಇವತ್ತು ಎಲೆ ಅಡಿಕೆ ಹಾಕಿಕೊಂಡನೋ ಇಲ್ಲವೋ? ನಕ್ಕಾಗ ಕಣ್ಣು ನಕ್ಕಿತೋ, ಬರೀ ಬಾಯಿಯೋ? ಅಚ್ಚಿನ ಮುಂದೆ ನಿಂತಾಗ ನಿಟ್ಟುಸಿರು ಬಿಟ್ಟನೋ? ಬಾಯಿ ಹೇಳದ್ದನ್ನು ಮುಖದಿಂದ ತಿಳಿಯಲು ಎಲ್ಲರೂ ಹೊಂಚಿ ಕುಳಿತರು. ಕೈಗಳು ಕೆಲಸದ ಮೇಲಿದ್ದವು, ಕಣ್ಣುಗಳು ಅವನ ಮೇಲಿದ್ದವು. ಯಜಮಾನನಿಗೆ ಇದು ಗೊತ್ತಾಗಲಿಲ್ಲ ಎಂದಲ್ಲ. ಜನ ಮೊದಲಿಗಿಂತ ಹೆಚ್ಚಾಗಿ ತನ್ನ ಕಡೆ ನೋಡುತ್ತಾರೆ ಎಂದು ಅವನಿಗೆ ಒಳಗೊಳಗೇ ಸಮಾಧಾನವಾಗಿತ್ತು.

ಹೀಗಿರುವಾಗ ನಡುಗಡ್ಡೆಯ ಜನ ಬಂದರು. ಹೊಳೆಯ ನಟ್ಟನಡುವೆ ಒಂದು ಸಣ್ಣ ಊರು. ಮಳೆಗಾಲದಲ್ಲಿ ಹೊಳೆ ಏರಿದರೆ ದಡದ ಅಂಬಿಗರು ಹರಿಗೋಲು ತಂದು ಅವರನ್ನು ಸಾಗಿಸಬೇಕು. ಹೋದ ಮಳೆಗಾಲದಲ್ಲಿ ನೀರು ಒಮ್ಮೆಲೇ ಬಂದಿತ್ತು. ಊರಿನ ತಗ್ಗಿನಲ್ಲಿದ್ದ ಒಂದು ಮನೆಯವರು ಗಂಟಲು ಹರಿಯುವ ಹಾಗೆ ಕೂಗಿದರೂ ಹೊಳೆಯ ಸದ್ದಿನಲ್ಲಿ ದಡಕ್ಕೆ ಕೇಳಿರಲಿಲ್ಲ. ಆ ಮನೆಯಲ್ಲಿ ಈಗ ಯಾರೂ ಇರಲಿಲ್ಲ.

ನಡುಗಡ್ಡೆಯವರು ಮನೆಮನೆಯಿಂದ ಒಡೆದ ತಂಬಿಗೆ, ಸೀಳಿದ ತಾಟು, ಹಳೆಯ ದೀಪದ ಸಮೆ, ಎಲ್ಲವನ್ನೂ ಗೋಣಿಯಲ್ಲಿ ತುಂಬಿ ತಂದು ಅಂಗಳದಲ್ಲಿ ಸುರಿದರು. ಅವರ ಹಿರಿಯ ಕೈಮುಗಿದ.

"ನಮ್ಮ ಕೂಗು ದಂಡಿಗೆ ಮುಟ್ಟಂಗಿಲ್ರಿ. ಮುಟ್ಟುವಂಥಾದ್ದೊಂದು ಮಾಡಿಕೊಡ್ರಿ. ಮಳಿ ಬರೂದರೊಳಗ ಆಗಬೇಕು."

ಯಜಮಾನ ಒಪ್ಪಿಕೊಂಡ. ಕಾಡಿನ ದಾರಿ ಮುಚ್ಚಿದ್ದರಿಂದ ಇದ್ದಲು ಎರಡು ಎರಕಕ್ಕೆ ಸಾಲುವಷ್ಟೇ ಉಳಿದಿತ್ತು. ಅದನ್ನೂ ಅವನು ಯಾರಿಗೂ ಹೇಳಲಿಲ್ಲ. ಒಂದೇ ಎರಕಕ್ಕೆ ಆಗಿಬಿಡುತ್ತದೆ, ಹೇಳಿ ಏನು ಉಪಯೋಗ ಎಂದುಕೊಂಡ.

ಎರಕದ ದಿನ ಬಂತು. ಕಂಚು ಕುದಿಯಿತು. ಯಜಮಾನ ಕಲ್ಲಿನ ಮೇಲೆ ನಿಂತ. ಅಂಗಳವೆಲ್ಲ ಮೌನವಾಯಿತು. ಅವನು ಕೈ ಎತ್ತಿದ. ಮೊದಲ ಮೂಸೆ ಬಾಗಿತು, ಕೆಂಪು ಧಾರೆ ಅಚ್ಚಿನ ಬಾಯಿಗೆ ಇಳಿಯಿತು. ಎರಡನೆಯ ಮೂಸೆಯನ್ನು ಹಿಡಿದವನು ಕಾಳಪ್ಪ. ಹತ್ತಾರು ದೊಡ್ಡ ಗಂಟೆಗಳಿಗೆ ಧಾರೆ ಸೇರಿಸಿದ ಕೈ ಅವನದು. ಸರಿಯಾಗಿ ಆ ಹೊತ್ತಿಗೆ ಯಜಮಾನನಿಗೆ ಉಳಿದ ಇದ್ದಲಿನ ನೆನಪಾಯಿತು. ಮುಖದ ನಗು ಒಂದು ಗಳಿಗೆ ಜಾರಿತು. ಕಾಳಪ್ಪ ಅದನ್ನು ಕಂಡ. ಅವನ ಇಕ್ಕಳ ಒಂದು ಉಸಿರಿನಷ್ಟು ತಡೆಯಿತು. ಧಾರೆ ನೂಲಿನಷ್ಟಾಯಿತು, ಕಡಿಯಿತು, ಮತ್ತೆ ಸೇರಿತು. ಅದನ್ನು ಯಾರೂ ನೋಡಲಿಲ್ಲ.

ಅಚ್ಚು ಒಡೆದರು. ಗಂಟೆ ಚೆಂದವೇ ಇತ್ತು. ಎತ್ತಿ ಕಟ್ಟಿ ಮರದ ಕೊಡತಿಯಿಂದ ಬಾರಿಸಿದರು. ಥಡ್ ಎಂದಿತು. ಒಡೆದ ಗಡಿಗೆಯೂ ಅದಕ್ಕಿಂತ ವಾಸಿ ಎನ್ನುವ ಹಾಗಿತ್ತು.

ಯಜಮಾನ ಮಣ್ಣನ್ನು ಬೈದ. ಕಂಚು ಬೆರಕೆ ಎಂದ. ಜೋಯಿಸರನ್ನು ಕೇಳಿದ. ಅವರು ಶನಿಯ ಕಡೆ ಬೆರಳು ತೋರಿಸಿದರು. ಆ ವರ್ಷ ಊರಿನಲ್ಲಿ ಏನು ಕೆಟ್ಟರೂ ಶನಿಯದೇ ಹೆಸರು, ಪಾಪ, ಅವನಿಗೆ ಬಿಡುವೇ ಇರಲಿಲ್ಲ. ಪಕ್ಕದ ಊರಿನ ಸಾಹುಕಾರನ ಹತ್ತಿರ ಹೋಗಿ ಸಲಹೆ ಕೇಳಿದ. ಅವನು ಕೇಳದೆ ಬಿಟ್ಟದ್ದು ತನ್ನ ಅಂಗಳದವರನ್ನು ಮಾತ್ರ.

ಸೋತು ಮನೆಗೆ ಬಂದು ಊಟಕ್ಕೆ ಕುಳಿತ. ಹೆಂಡತಿ ರೊಟ್ಟಿ ಬಡಿಸಿದಳು. ಅವಳು ಕಂಚಿನ ಕೆಲಸ ತಿಳಿದವಳಲ್ಲ. ಅವನ ಮನಸ್ಸು ಹಗುರಾಗಲಿ ಎಂದು ಸುಮ್ಮನೆ ಮಾತು ತೆಗೆದಳು.

"ಕಲ್ಲಿನ ಮ್ಯಾಲೆ ನಿಂತಾಗ ಏನ್ ಕಂಡಿತ್ರೀ?"

"ಏನ್ ಕಾಣೂದು? ಒಬ್ಬರೂ ತಪ್ಪು ಮಾಡಲಿಲ್ಲ. ಎಲ್ಲಾರೂ ಕಣ್ಣು ಕೀಳದಂಗ ನನ್ನ ಮುಖಾನ ನೋಡಾಕತ್ತಿದ್ರು. ಅಂಥಾ ನಿಷ್ಠಿ!"

"ಹಂಗಾರ ಕಂಚು ಯಾರು ನೋಡಾಕತ್ತಿದ್ರು?" ಎಂದು ಕೇಳಿ ಅವಳು ಪಲ್ಯ ತರಲು ಒಳಗೆ ಹೋದಳು.

ಯಜಮಾನನ ಕೈಯಲ್ಲಿ ರೊಟ್ಟಿಯ ತುಂಡು ಹಾಗೇ ಉಳಿಯಿತು. ಅಷ್ಟೂ ಕಣ್ಣುಗಳು ಅವನ ಎದುರಿಗೆ ಮತ್ತೆ ಬಂದು ನಿಂತವು. ಈ ಸಲ ಅವು ಬೇರೆಯಾಗಿ ಕಂಡವು. ಅದು ನಿಷ್ಠೆಯಾಗಿರಲಿಲ್ಲ. ಭಯವಾಗಿತ್ತು. ಅವನಿಗೆ ನಾಚಿಕೆಯಾಯಿತು, ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆ ಅವನು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದ. ತಾನೂ ಅವರ ನಡುವೆ ನೆಲದ ಮೇಲೆ ಕುಳಿತ. ಆ ದಿನ ಅವನ ಮುಖದ ಮೇಲೆ ನಗು ಇರಲಿಲ್ಲ.

"ಈ ಗಂಟಿ ಬಿಟ್ರ ಕೈಯಾಗ ಬ್ಯಾರೆ ಕೆಲಸ ಇಲ್ಲ. ಇದ್ದಲು ಇನ್ನೊಂದ ಎರಕಕ್ಕ ಐತಿ, ಅಷ್ಟ. ಅದರ ಮುಂದ ಏನು ಅನ್ನೂದು ನನಗ ಗೊತ್ತಿಲ್ಲ. ನನಗೂ ಹೆದರಿಕಿ ಆಗೇತಿ. ಹೋಗವರು ಇವತ್ತ ಹೋಗ್ರಿ, ಬುತ್ತಿ ಕಟ್ಟಿ ಕಳಸ್ತೀನಿ, ಸಿಟ್ಟಿಲ್ಲ. ಕಾಲ ತಿರುಗಿದ್ರ ಬಾಗಿಲು ತೆಗದ ಇರತೈತಿ."

ಹಂಪವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇಷ್ಟ ಹೇಳಾಕ ಇಷ್ಟು ದಿನ ಬೇಕಾತೇನೋ ನನ್ನಪ್ಪಾ? ನಾವು ಇದಕ್ಕಿಂತ ಕೆಟ್ಟದ್ದು ಏನೇನೋ ತಿಳಕೊಂಡಿದ್ವಿ."

ಕಾಳಪ್ಪ ಎದ್ದು ನಿಂತ. ಗಂಟೆ ಕೆಟ್ಟದ್ದು ತನ್ನ ಕೈಯಿಂದ ಎಂದು ಹೇಳಹೊರಟ. ಯಜಮಾನ ಅವನ ತೋಳು ಹಿಡಿದು ಕೂಡಿಸಿದ. "ನಿನ್ನ ಕೈಯಿಂದಲ್ಲೋ, ನನ್ನ ಮುಖದಿಂದ" ಎಂದ.

ಎಲ್ಲರೂ ಉಳಿದರು ಎಂದು ಹೇಳಿದರೆ ಕತೆ ಚೆಂದವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಸಣ್ಣ ಮಕ್ಕಳಿದ್ದ ಕೆಲವರು ಕೆರೆ ತೋಡುವ ಕೆಲಸ ಹುಡುಕಿಕೊಂಡು ಹೋದರು. ಅಳುತ್ತಾ ಹೋದರು. ಯಜಮಾನ ಅವರನ್ನು ಊರ ಅಗಸೆ ಬಾಗಿಲಿನವರೆಗೆ ಕಳಿಸಿ ಬಂದ. ಉಳಿದವರು ಅಂಗಳದಲ್ಲಿ ಕುಳಿತು ಮಾತಾಡತೊಡಗಿದರು. ತಿಂಗಳುಗಟ್ಟಲೆ ಅಲ್ಲಿ ಅಷ್ಟು ಮಾತು ಕೇಳಿರಲಿಲ್ಲ. ಅಚ್ಚಿನ ಬಾಯಿ ಯಾವ ಕಡೆ ಇರಬೇಕು ಎಂದು ಜಗಳವಾಯಿತು. ಯಾರು ಯಾರ ಪಕ್ಕ ನಿಲ್ಲಬೇಕು ಎಂದು ಇನ್ನೊಂದು ಜಗಳವಾಯಿತು. ಜಗಳವಾಡುವಷ್ಟು ಜೀವ ಬಂದಿತ್ತು ಅವರಿಗೆ.

ಕೊನೆಯಲ್ಲಿ ಒಂದು ತೊಡಕು ಉಳಿಯಿತು. ಹೋದವರಲ್ಲಿ ಕೊನೆಯ ಮೂಸೆ ಹಿಡಿಯುವವನೂ ಇದ್ದ. ಆ ಜಾಗಕ್ಕೆ ಜನವಿಲ್ಲ.

"ನಾನು ಹಿಡೀತೀನಿ" ಎಂದ ಯಜಮಾನ.

"ಹಂಗಾರ ಕಲ್ಲಿನ ಮ್ಯಾಲೆ ಯಾರ್ರೀ?" ಎಂದು ಕಾಳಪ್ಪ ಗಾಬರಿಯಿಂದ ಕೇಳಿದ. ಅಜ್ಜನ ಕಾಲದಿಂದ ಆ ಕಲ್ಲು ಎರಕದ ದಿನ ಖಾಲಿ ಇದ್ದದ್ದಿಲ್ಲ.

"ಯಾರೂ ಬ್ಯಾಡ. ಎಲ್ಲಾ ಇಕ್ಕಳ ಮ್ಯಾಲೆ ಎದ್ದಾಗ ಮೊದಲಿನ ಮೂಸಿ ಬಾಗಲಿ."

ದನಿಯಿಲ್ಲದ ಗಂಟೆಯನ್ನು ಒಡೆದರು. ಅದೇ ಕಂಚನ್ನು ಮತ್ತೆ ಮೂಸೆಗೆ ಹಾಕಿದರು. ಇದ್ದಲಿನ ಕೊನೆಯ ಬುಟ್ಟಿ ಕುಲುಮೆಗೆ ಬಿತ್ತು. ನಡುಗಡ್ಡೆಯ ಹಿರಿಯ ಬಂದು ಗೋಡೆಗೆ ಒರಗಿ ನಿಂತ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು.

ಇಕ್ಕಳಗಳು ಎದ್ದವು. ಅಂಗಳ ಮೌನವಾಯಿತು. ಕಲ್ಲಿನ ಮೇಲೆ ಯಾರೂ ಇರಲಿಲ್ಲ, ನೋಡಲು ಯಾವ ಮುಖವೂ ಇರಲಿಲ್ಲ. ಮೊದಲ ಮೂಸೆ ಬಾಗಿತು. ಧಾರೆ ಇಳಿಯಿತು. ಅಷ್ಟೂ ಜನರ ಕಣ್ಣು ಅದೊಂದರ ಮೇಲೆ ನೆಟ್ಟಿತು. ಕಾಳಪ್ಪನ ಧಾರೆ ಮೊದಲಿನದಕ್ಕೆ ಸೇರಿತು, ಸೇರಿದ್ದು ಕಾಣಲಿಲ್ಲ. ಮೂರನೆಯದು ಸೇರಿತು, ಅದೂ ಕಾಣಲಿಲ್ಲ. ಮೂಸೆಗಳು ಬದಲಾದವು, ಕೈಗಳು ಬದಲಾದವು, ಧಾರೆ ಮಾತ್ರ ಒಂದೇ ಆಗಿ ಇಳಿಯುತ್ತಲೇ ಇತ್ತು. ಕೊನೆಯಲ್ಲಿ ನಿಂತಿದ್ದ ಯಜಮಾನನಿಗೆ ಮೈ ಜುಮ್ಮೆಂದಿತು. ಇಷ್ಟು ವರ್ಷ ಮೇಲೆ ನಿಂತು ಅವನು ಎರಕ ಮಾಡಿಸಿದ್ದ, ಎರಕವನ್ನು ನೋಡಿದ್ದು ಅದೇ ಮೊದಲು. ತನ್ನ ಸರದಿ ಬಂದಾಗ ಅವನು ಬೇರೆ ಏನನ್ನೂ ಯೋಚಿಸಲಿಲ್ಲ. ಪಕ್ಕದವನ ಧಾರೆಯನ್ನು ನೋಡಿದ, ತನ್ನದನ್ನು ಅದಕ್ಕೆ ಕೊಟ್ಟ. ಅಚ್ಚಿನ ಬಾಯಿ ತುಂಬಿತು.

ಗಂಟೆ ತಣಿಯುವವರೆಗೆ ಯಾರೂ ಮನೆಗೆ ಹೋಗಲಿಲ್ಲ. ಮಣ್ಣು ಒಡೆದರು, ತೊಳೆದರು, ಹಗ್ಗ ಕಟ್ಟಿ ಎತ್ತಿದರು. ಕೊಡತಿಯನ್ನು ನಡುಗಡ್ಡೆಯ ಹಿರಿಯನ ಕೈಗೆ ಕೊಟ್ಟರು. ಅವನು ಮೆಲ್ಲಗೆ ಮುಟ್ಟಿಸಿದ, ಅಷ್ಟೇ.

ದನಿ ಎದ್ದಿತು. ಮೊದಲು ಅದು ಅಂಗಳದಲ್ಲಿತ್ತು, ಆಮೇಲೆ ಎದೆಯೊಳಗಿತ್ತು. ಗೋಡೆಯ ಮೇಲಿನ ಹಕ್ಕಿಗಳು ಹಾರಿದವು. ಹೊಳೆಯ ಮೇಲೆ ಹರಿಗೋಲು ಹುಟ್ಟು ಹಾಕುತ್ತಿದ್ದ ಅಂಬಿಗ ಹುಟ್ಟು ನಿಲ್ಲಿಸಿ ತಿರುಗಿ ನೋಡಿದ. ದನಿ ನಿಲ್ಲಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಅದರ ಅಡಿಯಿಂದ ಇನ್ನೊಂದು ದನಿ ಬರುತ್ತಿತ್ತು. ಅಂಗಳದಲ್ಲಿ ಯಾರೂ ಕುಣಿಯಲಿಲ್ಲ, ಕೂಗಲಿಲ್ಲ. ನಿಂತವರು ನಿಂತಲ್ಲೇ ಇದ್ದರು. ಹಂಪವ್ವ ಹತ್ತಿರ ಹೋಗಿ ಗಂಟೆಯ ಮೈಮೇಲೆ ಅಂಗೈ ಇಟ್ಟಳು. ಅದಿನ್ನೂ ನಡುಗುತ್ತಿತ್ತು.

"ಇದನ್ನ ನಾವಾ ಮಾಡಿದ್ದು?" ಎಂದು ಕೇಳಿದಳು. ಎಲ್ಲರ ಕಣ್ಣಲ್ಲೂ ನೀರಿತ್ತು.

ಆ ಮಳೆಗಾಲ ಹೊಳೆ ಹಿಂದಿನ ವರ್ಷಕ್ಕಿಂತ ಜೋರಾಗಿ ಬಂತು. ನಡುಗಡ್ಡೆಯಲ್ಲಿ ಗಂಟೆ ಬಾರಿಸಿದರು. ನೀರಿನ ಸದ್ದನ್ನು ಸೀಳಿಕೊಂಡು ಅದು ಎರಡೂ ದಡಕ್ಕೆ ಕೇಳಿತು. ಅಂಬಿಗರು ಹರಿಗೋಲು ತಂದರು. ಹಸುಗೂಸುಗಳು, ಮುದುಕರು, ಆಡು ಕುರಿ, ಎಲ್ಲ ದಡ ಸೇರಿದವು. ಒಂದು ಜೀವವೂ ಹೋಗಲಿಲ್ಲ.

ಕೆಟ್ಟ ಕಾಲ ಅಷ್ಟಕ್ಕೇ ಮುಗಿಯಲಿಲ್ಲ. ಅಂಗಳದವರು ತಂಬಿಗೆಗೆ ತೇಪೆ ಹಾಕಿದರು, ಕುಡಗೋಲು ಹದ ಮಾಡಿದರು, ಅರೆಹೊಟ್ಟೆ ಉಂಡರು. ಕಾಲ ತಿರುಗಿದಾಗ ಹೋದವರು ಕರೆಯದೆಯೇ ಬಂದರು, ಬಾಗಿಲು ತೆರೆದಿತ್ತು. ಆ ಕಲ್ಲಿನ ಮೇಲೆ ಮಾತ್ರ ಮತ್ತೆ ಯಾವ ಯಜಮಾನನೂ ನಿಲ್ಲಲಿಲ್ಲ. ಅಲ್ಲಿ ಈಗ ಹಂಪವ್ವನ ಮೊಮ್ಮಕ್ಕಳು ಮಣ್ಣು ಒಣಗಿಸುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪ ಶಲ್ಯದಿಂದ ಕಣ್ಣು ಒರೆಸಿಕೊಂಡ. ಅವನಿಗೆ ಆ ಗಂಟೆ ಇನ್ನೂ ಕೇಳುತ್ತಿರುವ ಹಾಗಿತ್ತು.

"ತಿಳೀತ್ರಿ" ಎಂದ. "ನಾಳೆ ಬೆಳಿಗ್ಗೆನ ಎಲ್ಲಾರನ್ನೂ ಕೂಡಿಸ್ತೀನಿ. ಏನು ಹೇಳಬೇಕು, ಎಲ್ಲಿಂದ ಸುರು ಮಾಡಬೇಕು, ಅದನ್ನೊಂದು ಹೇಳಿಬಿಡ್ರಿ."

ಗುರುಗಳು ಅವನ ಪಂಚೆಯ ಜರಿಯಂಚನ್ನು ನೋಡಿದರು.

"ಅವರು ಮೊದಲು 'ಮದುವಿ ಊಟ ಹೆಂಗಿತ್ರೀ ಯಜಮಾನ್ರ?' ಅಂತ ಕೇಳ್ತಾರಲ್ಲ, ಅಲ್ಲಿಂದ ಸುರು ಮಾಡು."

ಅಡಿವೆಪ್ಪ ರೇಷ್ಮೆ ಶಲ್ಯವನ್ನು ಹೆಗಲಿನಿಂದ ಇಳಿಸಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ.